ಒಳಗೇ ಉಳಿದವನ ಬಗ್ಗೆ ಯಾರೂ ಕೇಳಲಿಲ್ಲ

ಜೂನ್ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಶಾಲೆ ಮತ್ತು ಮಳೆ ಒಟ್ಟಿಗೇ ಶುರು. ಮಕ್ಕಳು ಕೆಸರಲ್ಲೇ ಫುಟ್ಬಾಲ್ ಆಡುತ್ತಾರೆ. ಕೊಡೆ ಹಿಡಿದು ನಿಂತು ನೋಡುವವರ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಅವನನ್ನು ಯಾಕೆ ಮಾರಾಯ ಹೊರಗೆ ಕರೆದದ್ದು?" ಸೋತ ಮೇಲಂತೂ ನಾವೆಲ್ಲರೂ ಮ್ಯಾನೇಜರುಗಳೇ!

ಈ ಪ್ರಶ್ನೆಗೆ ಫುಟ್ಬಾಲ್ ಚರಿತ್ರೆಯಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಅಲ್ಲಿ ಕಾಡಿದ್ದು ಮಾತ್ರ ಮಳೆಯಲ್ಲ, ಬಿಸಿಲು.

1970ರ ಜೂನ್ 14. ಮೆಕ್ಸಿಕೋದ ಲಿಯೋನ್ ನಗರ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ. ಯುರೋಪಿನಲ್ಲಿ ಟಿವಿ ನೋಡುವವರಿಗೆ ಅನುಕೂಲವಾಗಲೆಂದು ವಿಶ್ವಕಪ್ ಕ್ವಾರ್ಟರ್ ಫೈನಲ್ ಶುರುವಾದದ್ದು ಸುಡುವ ಬಿಸಿಲಿನ ಮಧ್ಯಾಹ್ನ 12 ಗಂಟೆಗೆ. ಇಂಗ್ಲೆಂಡಿನ ಎದುರು ಪಶ್ಚಿಮ ಜರ್ಮನಿ. 1966ರ ಫೈನಲ್‌ನಲ್ಲಿ ಇದೇ ತಂಡವನ್ನು ಇಂಗ್ಲೆಂಡ್ 4-2ರಿಂದ ಸೋಲಿಸಿ ಕಪ್ ಗೆದ್ದಿತ್ತು.

ಇನ್ನೊಂದು ಸಂಗತಿ ನೆನಪಿರಲಿ. 1966ರಲ್ಲಿ ಬದಲಿ ಆಟಗಾರ ಎಂಬುದೇ ಇರಲಿಲ್ಲ. ವಿಶ್ವಕಪ್‌ನಲ್ಲಿ ಅದಕ್ಕೆ ಅವಕಾಶ ಸಿಕ್ಕಿದ್ದು 1970ರಲ್ಲೇ ಮೊದಲು. ಅದೂ ಈಗಿನ ಹಾಗೆ ಐದು ಮಂದಿಯಲ್ಲ, ಎರಡೇ ಮಂದಿ. ಮ್ಯಾನೇಜರುಗಳಿಗೆ ಅದು ಹೊಸ ಪಾಠ.

ಮಲ್ಲರಿ, ಪೀಟರ್ಸ್ ಒಂದೊಂದು ಗೋಲು ಹೊಡೆದು ಇಂಗ್ಲೆಂಡ್ 2-0 ಮುಂದಿತ್ತು. ಆಗ ಜರ್ಮನಿಯ ಮ್ಯಾನೇಜರ್ ಹೆಲ್ಮುಟ್ ಶೋನ್, ಗ್ರಾಬೊವ್‌ಸ್ಕಿ ಎಂಬ ಚುರುಕಿನ ಆಟಗಾರನನ್ನು ಮೈದಾನದ ಅಂಚಿನಲ್ಲಿ ಓಡಲು ಬಿಟ್ಟರು. 68ನೇ ನಿಮಿಷಕ್ಕೆ ಬೆಕೆನ್‌ಬಾವರ್ ಗೋಲು. ಅದಾದ ಮೇಲೆ ಇಂಗ್ಲೆಂಡಿನ ಮ್ಯಾನೇಜರ್ ಆಲ್ಫ್ ರಾಮ್ಸೆ, ಬಾಬಿ ಚಾರ್ಲ್‌ಟನ್‌ರನ್ನು ಹೊರಗೆ ಕರೆದು ಕಾಲಿನ್ ಬೆಲ್‌ರನ್ನು ಕಳಿಸಿದರು. ಚಾರ್ಲ್‌ಟನ್‌ಗೆ 32 ವರ್ಷ, ಮೂರೇ ದಿನಕ್ಕೆ ಸೆಮಿಫೈನಲ್. ಸ್ವಲ್ಪ ವಿಶ್ರಾಂತಿ ಇರಲಿ ಎಂಬುದು ಲೆಕ್ಕ. ಪೀಟರ್ಸ್ ಬದಲಿಗೆ ಹಂಟರ್ ಬಂದರು. ಆದರೆ ಸೀಲರ್ ತಲೆಯ ಹಿಂಭಾಗದಿಂದಲೇ ಚೆಂಡು ತಳ್ಳಿ 2-2 ಮಾಡಿದರು. ಹೆಚ್ಚುವರಿ ಸಮಯದಲ್ಲಿ ಮುಲ್ಲರ್ ಗೋಲು, 3-2. ಇಂಗ್ಲೆಂಡ್ ಮನೆಗೆ!

ಅದು ಚಾರ್ಲ್‌ಟನ್ ದೇಶಕ್ಕಾಗಿ ಆಡಿದ 106ನೇ ಪಂದ್ಯ, ಕೊನೆಯದೂ ಹೌದು. ಅಭಿಮಾನಿಗಳ ಸಿಟ್ಟು ದಶಕಗಳಾದರೂ ಆರಲಿಲ್ಲ. ಚಾರ್ಲ್‌ಟನ್ ಹೊರಗೆ ಹೋದದ್ದರಿಂದಲೇ ಬೆಕೆನ್‌ಬಾವರ್‌ಗೆ ಬಿಡುಗಡೆ ಸಿಕ್ಕಿ ಗೋಲು ಹೊಡೆದರು ಎಂದು ಹೇಳುವವರೇ ಹೆಚ್ಚು.

ಆದರೆ ಕ್ರಮ ನೋಡಿ. ಆ ಗೋಲು ಬಿದ್ದಾಗ ಚಾರ್ಲ್‌ಟನ್ ಮೈದಾನದಲ್ಲೇ ಇದ್ದರು. ನೆನಪು ಎರಡು ಘಟನೆಗಳನ್ನು ಅದಲು ಬದಲು ಮಾಡಿಬಿಟ್ಟಿದೆ. ಚರಿತ್ರೆಯ ಪಾಠದಲ್ಲಿ ಇಸವಿ, ಕ್ರಮ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಇದಕ್ಕೇ!

ಹಾಗಾದರೆ ರಾಮ್ಸೆ ತಪ್ಪೇ ಮಾಡಲಿಲ್ಲವೇ? ಮಾಡಿದರು ಎಂದೇ ನನಗನಿಸುತ್ತದೆ, ಆದರೆ ಬೇರೆ ಕಡೆ. ಆ ಬಿಸಿಲಲ್ಲಿ ಓಡಿ ಓಡಿ ಸೋತಿದ್ದವನು ಎಡಬದಿಯ ರಕ್ಷಣಾ ಆಟಗಾರ ಟೆರಿ ಕೂಪರ್. ಹೊಸದಾಗಿ ಬಂದ ಗ್ರಾಬೊವ್‌ಸ್ಕಿಯನ್ನು ಹಿಡಿಯಲು ಆತನ ಕಾಲಲ್ಲಿ ಕಸುವಿರಲಿಲ್ಲ. ಆತ ಕೊನೆಯವರೆಗೂ ಒಳಗೇ ಉಳಿದ. ದೊಡ್ಡ ಹೆಸರಿನವನು ಹೊರಗೆ ಬಂದದ್ದು ಎಲ್ಲರಿಗೂ ಕಂಡಿತು, ದಣಿದವನು ಒಳಗೇ ಉಳಿದದ್ದು ಕಾಣಲಿಲ್ಲ.

ಗೆದ್ದ ಶೋನ್ ಕೂಡ ಮೂರು ದಿನಕ್ಕೆ ಪಾಠ ಕಲಿತರು. ಇಟಲಿ ಎದುರಿನ ಸೆಮಿಫೈನಲ್‌ನಲ್ಲಿ ಎರಡೂ ಬದಲಾವಣೆ ಮುಗಿದಿತ್ತು. ಬೆಕೆನ್‌ಬಾವರ್ ಭುಜಕ್ಕೆ ಪೆಟ್ಟಾದರೂ ಕೈಯನ್ನು ಎದೆಗೆ ಕಟ್ಟಿಕೊಂಡೇ ಆಡಬೇಕಾಯಿತು. ಜರ್ಮನಿ 4-3ರಿಂದ ಸೋತಿತು.

ಮುಂದಿನ ಸಲ ಮಳೆಯಲ್ಲಿ ಕೊಡೆ ಹಿಡಿದು ನಿಂತಾಗ, ಅವನನ್ನು ಯಾಕೆ ತೆಗೆದದ್ದು ಎಂದು ಧಾರಾಳ ಕೇಳೋಣ. ಜೊತೆಗೆ, ಇವನನ್ನು ಯಾಕೆ ಇನ್ನೂ ಉಳಿಸಿದ್ದು ಎಂದೂ ಕೇಳೋಣ. ಏನಂತೀರಿ?