ಹದ್ದುಗಳು ಹೋದ ಮೇಲೆ

ಮೊಣಕಾಲು ನೋವಿಗೆ ಹಚ್ಚಿಕೊಳ್ಳುವ ಮುಲಾಮಿನ ಟ್ಯೂಬಿನ ಮೇಲೆ ಡೈಕ್ಲೊಫೆನಾಕ್ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಕಂಡಿರುತ್ತೇವೆ. ನಮ್ಮ ಆಕಾಶದಿಂದ ರಣಹದ್ದುಗಳನ್ನು ಅಳಿಸಿದ್ದು ಇದೇ ಔಷಧಿ ಎಂದು ಓದಿದ ದಿನ ನಾನು ಮನೆಯ ಔಷಧಿ ಡಬ್ಬಿ ತೆಗೆದು ನೋಡಿದೆ. ಇತ್ತು.

ಜಟಾಯುವಿಗೆ ಕೈ ಮುಗಿಯುವ ನಾವೇ ಮನೆಯ ಮೇಲೆ ಹದ್ದು ಕೂತರೆ ಅಪಶಕುನವೆನ್ನುತ್ತೇವೆ. ಹಾಗಾಗಿ 1990ರ ದಶಕದಲ್ಲಿ ಅವು ಕಾಣೆಯಾಗತೊಡಗಿದಾಗ ಹೆಚ್ಚು ಜನ ಮರುಗಲಿಲ್ಲ. ರಾಜಸ್ಥಾನದ ಭರತಪುರದಲ್ಲಿ ಪಕ್ಷಿತಜ್ಞ ವಿಭು ಪ್ರಕಾಶ್ ಮಾತ್ರ ಲೆಕ್ಕ ಇಟ್ಟಿದ್ದರು. 1987-88ರಲ್ಲಿ ಅಲ್ಲಿ ಬಿಳಿಬೆನ್ನಿನ ರಣಹದ್ದಿನ 353 ಗೂಡುಗಳಿದ್ದವು, 1996-97ಕ್ಕೆ 150.

ಕೀಟನಾಶಕವೋ, ಹೊಸ ವೈರಸ್ಸೋ ಎಂದು ಹುಡುಕಾಟ ನಡೆಯಿತು. ಪಾಕಿಸ್ತಾನದ ಪಂಜಾಬಿನಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹದ್ದುಗಳನ್ನು ಸೀಳಿ ನೋಡಿದಾಗ, ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಮೆತ್ತಿತ್ತು. ಮೂತ್ರಪಿಂಡ ಸೋತ ಗುರುತು ಅದು. ಆಗ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಪ್ರಯೋಗಾಲಯ ಬಿಟ್ಟು ದನದ ವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ವಿಚಾರಿಸಿದರು: ಮೂತ್ರಪಿಂಡ ಕೆಡಿಸಬಲ್ಲ ಯಾವ ಮದ್ದನ್ನು ದನಗಳಿಗೆ ಕೊಡುತ್ತೀರಿ? ಸಿಕ್ಕ ಉತ್ತರ ಡೈಕ್ಲೊಫೆನಾಕ್. 2004ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನೋವುಂಡ ದನಕ್ಕೆ ಚುಚ್ಚುಮದ್ದು ಹಾಕಿಸಿದ ರೈತನದು ಕರುಣೆಯೇ ತಾನೆ? ದನ ಸತ್ತರೆ ಮದ್ದು ಮಾಂಸದಲ್ಲಿ ಉಳಿಯುತ್ತದೆ. ಒಂದು ಹೆಣಕ್ಕೆ ಹತ್ತಾರು ಹದ್ದುಗಳು ಎರಗುತ್ತವೆ. ನೂರು ಹೆಣಗಳಲ್ಲಿ ಒಂದರಲ್ಲಿ ವಿಷವಿದ್ದರೂ ಸಂತತಿ ಕುಸಿಯಲು ಸಾಕಂತೆ. ಹೆಣ್ಣು ಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೂ ಮೊಟ್ಟೆಯಿಡಲು ಐದಾರು ವರ್ಷ ಬೇಕು. ಸಾವಿನ ವೇಗಕ್ಕೆ ಹುಟ್ಟು ಸರಿಗಟ್ಟುವುದೆಲ್ಲಿಂದ? 1992ರಿಂದ 2007ರೊಳಗೆ ಬಿಳಿಬೆನ್ನಿನ ಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಇಲ್ಲವಾದವು.

ಹದ್ದುಗಳು ಹೋದರೂ ಸತ್ತ ದನಗಳು ಹೋಗಲಿಲ್ಲವಲ್ಲ! ಹಿಂಡು ಹದ್ದುಗಳು ಗಂಟೆಯೊಳಗೆ ಮೂಳೆಯಷ್ಟೇ ಉಳಿಸಿ ಮುಗಿಸುತ್ತಿದ್ದ ಹೆಣ ಊರಾಚೆ ದಿನಗಟ್ಟಲೆ ಕೊಳೆಯತೊಡಗಿತು, ನೀರಿಗೂ ಸೇರಿತು. ನಾಯಿಗಳಿಗೆ ಸುಗ್ಗಿ. ನಾಯಿ ಹೆಚ್ಚಿದಲ್ಲಿ ಕಡಿತವೂ ಹೆಚ್ಚು, ರೇಬಿಸ್ ಭಯವೂ ಹೆಚ್ಚು. ನಾಯಿ ಕಚ್ಚಿದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವವಳು ತಾಯಿ. ಮುಂಬಯಿಯ ಪಾರ್ಸಿಗಳು ತಮ್ಮ ಮೌನಗೋಪುರದಲ್ಲಿ ಹದ್ದುಗಳಿಲ್ಲದೆ ಬಿಸಿಲನ್ನು ಕೂಡಿಸುವ ಕನ್ನಡಿಗಳನ್ನು ನಿಲ್ಲಿಸಬೇಕಾಯಿತು. 2024ರಲ್ಲಿ ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, ಹಿಂದೆ ಹದ್ದುಗಳಿದ್ದ ಜಿಲ್ಲೆಗಳನ್ನೂ ಇಲ್ಲದ ಜಿಲ್ಲೆಗಳನ್ನೂ ಹೋಲಿಸಿ, 2000ದಿಂದ 2005ರವರೆಗೆ ಸುಮಾರು ಐದು ಲಕ್ಷ ಜನ ಹೆಚ್ಚಾಗಿ ಸತ್ತರೆಂದು ಅಂದಾಜಿಸಿದರು. ಅಪಶಕುನದ ಹಕ್ಕಿ ಇಷ್ಟು ಜೀವಗಳನ್ನು ಕಾಯುತ್ತಿತ್ತು.

2006ರಲ್ಲಿ ಸರ್ಕಾರ ದನಗಳಿಗೆ ಈ ಮದ್ದನ್ನು ನಿಷೇಧಿಸಿತು. ಹದ್ದಿಗೆ ಅಪಾಯ ಮಾಡದ ಮೆಲಾಕ್ಸಿಕಾಮ್ ಬದಲಿಗೆ ಸಿಕ್ಕಿತ್ತು. ಆದರೆ ಮನುಷ್ಯರಿಗೆಂದು ಮಾರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. 2015ರಲ್ಲಿ ಅವನ್ನೂ ನಿಲ್ಲಿಸಿ 3 ಮಿಲಿಲೀಟರಿಗೆ ಮಿತಿಗೊಳಿಸಿದರು. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. 2023ರಲ್ಲಿ ದನಗಳಿಗೆ ಅಸಿಕ್ಲೊಫೆನಾಕ್ ಕೂಡ ನಿಷಿದ್ಧವಾಯಿತು. ಹೆಸರು ಬೇರೆಯಾದರೂ, ಹಸುವಿನ ಮೈಯೊಳಗೆ ಹೋದ ಮೇಲೆ ಅದು ಡೈಕ್ಲೊಫೆನಾಕೇ ಆಗಿಬಿಡುತ್ತದೆ.