ಚಕ್ರದ ಲಾಕ್ ನಟ್ ಕೀ ಕಳೆದುಹೋದರೆ ಸುತ್ತಿಗೆ, ಬೆಂಕಿ ಸಾಕೇ? ಇಲ್ಲಿದೆ ವಾಸ್ತವ

‘ಲಾಕ್ ನಟ್ ಕೀ ಕಳೆದಿದೆಯೇ? ಚಿಂತೆ ಬೇಡ, ಹಳೆಯ ಸಾಕೆಟ್ ಒಂದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ ತಿರುಗಿಸಿದರೆ ಆಯಿತು’ ಎನ್ನುವಂಥ ವಿಡಿಯೊಗಳನ್ನು ನೀವು ಮೊಬೈಲ್‌ನಲ್ಲಿ ನೋಡಿರಬಹುದು. ಕೆಲವರು ನಟ್ಟಿಗೆ ಬೆಂಕಿ ಕೊಡಲು ಹೇಳುತ್ತಾರೆ, ಕೆಲವರು ಎಣ್ಣೆ ಸಿಂಪಡಿಸಲು ಹೇಳುತ್ತಾರೆ. ಇವುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಜೀವಕ್ಕೇ ಅಪಾಯ ಎಂಬುದನ್ನು ನೋಡೋಣ.

ಒಂದೇ ಮಾತಿನಲ್ಲಿ ಉತ್ತರ: ಕೀ ಇಲ್ಲದೆಯೂ ಲಾಕ್ ನಟ್ ತೆಗೆಯಬಹುದು. ಆದರೆ ಅದಕ್ಕೆ ಸರಿಯಾದ ಉಪಕರಣ ಬೇಕು. ರಸ್ತೆ ಬದಿಯಲ್ಲಿ ನಿಂತು ಮಾಡುವ ಕೆಲಸ ಅದಲ್ಲ.

ಲಾಕ್ ನಟ್ ಎಂದರೇನು?

ಅಲಾಯ್ ಚಕ್ರಗಳಿಗೆ ಬೆಲೆ ಹೆಚ್ಚು, ಬಿಚ್ಚಿ ಒಯ್ಯುವುದೂ ಸುಲಭ. ಹಾಗಾಗಿ ಕೆಲವು ಕಾರುಗಳಲ್ಲಿ ಪ್ರತಿ ಚಕ್ರದ ನಾಲ್ಕೈದು ನಟ್‌ಗಳಲ್ಲಿ ಒಂದನ್ನು ಬೇರೆ ವಿನ್ಯಾಸದಲ್ಲಿ ಮಾಡಿರುತ್ತಾರೆ. ಕೆಲವು ಕಾರುಗಳಲ್ಲಿ ನಟ್ ಬದಲು ಬೋಲ್ಟ್ ಇರುತ್ತದೆ. ಅದರ ತಲೆ ಆರು ಮೂಲೆಯದಲ್ಲ. ದುಂಡಗಿದ್ದು, ಹೂವಿನಂತೆಯೋ ಅಲೆಯಂತೆಯೋ ಗೀರುಗಳಿರುತ್ತವೆ. ಆ ಗೀರಿಗೆ ಹೊಂದುವ ಪುಟ್ಟ ಸಾಕೆಟ್ಟೇ ‘ಕೀ’. ಅದನ್ನು ಮೊದಲು ನಟ್ ಮೇಲೆ ಕೂರಿಸಿ, ಅದರ ಮೇಲೆ ಪಾನಾ ಹಾಕಿ ತಿರುಗಿಸಬೇಕು.

ಪಣಂಬೂರಿನಲ್ಲಿ ಈ ಮಾತು ಏಕೆ?

ಮಳೆಗಾಲದ ಸಂಜೆ ಪಣಂಬೂರು ಕಡಲತೀರದಿಂದ ಮನೆಗೆ ಹೊರಟಿದ್ದೀರಿ ಎಂದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬರುವಷ್ಟರಲ್ಲಿ ಟೈರ್ ಪಂಕ್ಚರ್. ಪಕ್ಕದಲ್ಲೇ ನವ ಮಂಗಳೂರು ಬಂದರಿಗೆ ಹೋಗಿಬರುವ ಲಾರಿ, ಟ್ಯಾಂಕರ್‌ಗಳ ಓಡಾಟ. ಡಿಕ್ಕಿಯಲ್ಲಿ ಸ್ಟೆಪ್ನಿ ಇದೆ, ಜಾಕ್ ಇದೆ, ಪಾನಾ ಇದೆ. ಮೂರು ನಟ್ ಬಿಚ್ಚಿದವು. ನಾಲ್ಕನೆಯದಕ್ಕೆ ಪಾನಾ ಕೂರುವುದೇ ಇಲ್ಲ. ಒಂದು ಪುಟ್ಟ ಕೀ ಇಲ್ಲದಿದ್ದರೆ ಸ್ಟೆಪ್ನಿ ಇದ್ದೂ ಇಲ್ಲದಂತೆ.

ಕರಾವಳಿಯಲ್ಲಿ ಇನ್ನೊಂದು ಸಮಸ್ಯೆಯೂ ಇದೆ. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಜೊತೆಗೆ ಸಮುದ್ರದ ಉಪ್ಪು ಗಾಳಿ. ನಟ್ ಉಕ್ಕಿನದು, ಅಲಾಯ್ ಚಕ್ರ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಬ್ಯಾಟರಿಯೊಳಗೆ ಆಗುವಂಥ ರಾಸಾಯನಿಕ ಕ್ರಿಯೆಯೇ ಅಲ್ಲೂ ನಡೆದು ಲೋಹ ಸವೆಯುತ್ತದೆ. ವರ್ಷಗಟ್ಟಲೆ ಬಿಚ್ಚದ ನಟ್ ಗಟ್ಟಿಯಾಗಿ ಹಿಡಿದುಕೊಳ್ಳುವುದು ಹೀಗೆ.

ಹರಿದಾಡುವ ಸಲಹೆಗಳು ಮತ್ತು ವಾಸ್ತವ

ಸಲಹೆ 1: ಅದೇ ಮಾದರಿಯ ಬೇರೆ ಕಾರಿನ ಕೀ ತಂದರೆ ಸಾಕು.
ವಾಸ್ತವ: ಒಂದೇ ಮಾದರಿಯ ಕಾರುಗಳಲ್ಲೂ ಲಾಕ್ ನಟ್‌ಗೆ ಹಲವು ವಿನ್ಯಾಸಗಳಿರುತ್ತವೆ. ಅದೃಷ್ಟಕ್ಕೆ ಹೊಂದಬಹುದು, ಹೊಂದದಿರುವ ಸಾಧ್ಯತೆಯೇ ಹೆಚ್ಚು. ಅರೆಬರೆ ಕೂರುವ ಕೀಯನ್ನು ಬಲವಂತವಾಗಿ ತಿರುಗಿಸಿದರೆ ಗೀರುಗಳು ಸವೆದುಹೋಗಿ, ಆಮೇಲೆ ನಿಜವಾದ ಕೀ ಸಿಕ್ಕರೂ ಹಿಡಿಯುವುದಿಲ್ಲ.

ಸಲಹೆ 2: ಹಳೆಯ ಸಾಕೆಟ್ ಹೊಡೆದು ಕೂರಿಸಿ.
ವಾಸ್ತವ: ಇದು ಅರ್ಧ ನಿಜ. ನಟ್ಟಿನ ತಲೆ ಹೊರಗೆ ಎದ್ದು ಕಾಣುವಂತಿದ್ದರೆ ಅನುಭವಿ ಮೆಕ್ಯಾನಿಕ್ ಹೀಗೆ ತೆಗೆಯಬಲ್ಲರು. ಆದರೆ ಅನೇಕ ಅಲಾಯ್ ಚಕ್ರಗಳಲ್ಲಿ ನಟ್ ಆಳವಾದ ಕುಳಿಯೊಳಗೆ ಇರುತ್ತದೆ. ಸಾಕೆಟ್ ಒಳಗೆ ಹೋಗುವುದೇ ಇಲ್ಲ. ಕೆಲವು ನಟ್‌ಗಳ ಸುತ್ತ ತನ್ನಷ್ಟಕ್ಕೆ ತಿರುಗುವ ಉಂಗುರವಿರುತ್ತದೆ. ಸಾಕೆಟ್ ಅದನ್ನು ಹಿಡಿದು ಸುಮ್ಮನೆ ಸುತ್ತುತ್ತದೆ. ಸುತ್ತಿಗೆಯ ಏಟಿಗೆ ಚಕ್ರ ಬಿರುಕು ಬಿಡಬಹುದು, ಒಳಗಿನ ಬೇರಿಂಗ್‌ಗೂ ಪೆಟ್ಟಾಗಬಹುದು.

ಸಲಹೆ 3: ಬೆಂಕಿ ಕೊಟ್ಟರೆ ಸಡಿಲವಾಗುತ್ತದೆ.
ವಾಸ್ತವ: ಇದನ್ನು ಎಂದಿಗೂ ಮಾಡಬೇಡಿ. ಟೈರ್ ಕೂರಿಸಿರುವ ಚಕ್ರವನ್ನು ಕಾಯಿಸಿದರೆ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಅಷ್ಟೇ ಅಲ್ಲ, ರಬ್ಬರ್ ಕಾದು ಉರಿಯುವ ಅನಿಲಗಳನ್ನು ಬಿಡುತ್ತದೆ. ಟೈರ್ ಬಾಂಬಿನಂತೆ ಸಿಡಿಯಬಹುದು. ಗಾಳಿ ತೆಗೆದುಬಿಟ್ಟರೆ ಅಪಾಯವಿಲ್ಲ ಎಂಬ ಮಾತೂ ನಿಜವಲ್ಲ. ನಟ್ಟಿಗೆ ಇನ್ನೊಂದು ನಟ್ ವೆಲ್ಡಿಂಗ್ ಮಾಡುವ ಉಪಾಯಕ್ಕೂ ಇದೇ ಎಚ್ಚರಿಕೆ ಅನ್ವಯ.

ಸಲಹೆ 4: ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ.
ವಾಸ್ತವ: ತುಕ್ಕು ಹಿಡಿದ ನಟ್ ಸಡಿಲವಾಗಲು ಎಣ್ಣೆ ನೆರವಾಗುತ್ತದೆ, ಆದರೆ ಅದು ಕೀಯ ಕೆಲಸ ಮಾಡುವುದಿಲ್ಲ. ಅಲ್ಲದೆ, ಥ್ರೆಡ್‌ನಲ್ಲಿ ಎಣ್ಣೆ ಉಳಿದರೆ ಮರಳಿ ಬಿಗಿಯುವಾಗ ಅದೇ ಬಲಕ್ಕೆ ನಟ್ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಮೊದಲು ಒರೆಸಿ ಸ್ವಚ್ಛ ಮಾಡಬೇಕು.

ಹಾಗಾದರೆ ಏನು ಮಾಡಬೇಕು?

ಮೊದಲು ಸರಿಯಾಗಿ ಹುಡುಕಿ. ಸ್ಟೆಪ್ನಿ ಇರುವ ಕುಳಿ, ಜಾಕ್ ಚೀಲ, ಡ್ಯಾಶ್‌ಬೋರ್ಡ್ ಖಾನೆ, ಡಿಕ್ಕಿಯ ಪಕ್ಕದ ಸಂದುಗಳನ್ನು ನೋಡಿ. ಕೊನೆಯ ಬಾರಿ ಟೈರ್ ಕೆಲಸ ಮಾಡಿಸಿದ ಅಂಗಡಿಗೆ ಫೋನ್ ಮಾಡಿ. ಕೆಲಸ ಮುಗಿದ ಮೇಲೆ ಕೀ ಅಂಗಡಿಯ ಪಾನಾದಲ್ಲೇ ಉಳಿಯುವುದು ಸಾಮಾನ್ಯ.

ರಸ್ತೆಯಲ್ಲಿ ಸಿಕ್ಕಿಕೊಂಡಿದ್ದರೆ ಈ ವಿಷಯ ನೆನಪಿಡಿ: ಟ್ಯೂಬ್‌ಲೆಸ್ ಟೈರಿನ ನೆಲ ಮುಟ್ಟುವ ಭಾಗಕ್ಕೆ ಮೊಳೆ ಚುಚ್ಚಿದ್ದರೆ, ಚಕ್ರ ಬಿಚ್ಚದೆಯೇ ಪಂಕ್ಚರ್ ಹಾಕಬಹುದು. ಪಂಕ್ಚರ್ ಅಂಗಡಿಯವರನ್ನು ಕಾರಿನ ಬಳಿಗೇ ಕರೆಸಿ. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಇದು ಆಗದು, ಕಾರನ್ನು ಎತ್ತಿಸಿ ಸಾಗಿಸಬೇಕು. ಗಾಳಿಯಿಲ್ಲದ ಟೈರಿನಲ್ಲಿ ಓಡಿಸಿದರೆ ಟೈರೂ ಹೋಗುತ್ತದೆ, ಚಕ್ರವೂ ಹಾಳಾಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033ಕ್ಕೆ ಕರೆ ಮಾಡಬಹುದು. ಅಪಾಯ ಸೂಚಿಸುವ ದೀಪಗಳನ್ನು ಹಾಕಿ, ಎಲ್ಲರೂ ಕಾರಿನಿಂದ ಇಳಿದು ರಸ್ತೆಯಿಂದ ದೂರ ನಿಲ್ಲಿ.

ಹೊಸ ಕೀ ಬೇಕೆಂದರೆ ಅದರ ಕೋಡ್ ಬೇಕು. ಅದು ಕೀ ಮೇಲೆಯೇ ಕೆತ್ತಿರುತ್ತದೆ ಅಥವಾ ಕಾರಿನ ಜೊತೆ ಕೊಟ್ಟ ಪುಟ್ಟ ಕಾರ್ಡಿನಲ್ಲಿರುತ್ತದೆ. ಕೋಡ್ ಸಿಕ್ಕರೆ ಕಂಪನಿಯ ಸರ್ವಿಸ್ ಸೆಂಟರ್ ಮೂಲಕ ತರಿಸಬಹುದು. ಕೋಡ್ ಇಲ್ಲದಿದ್ದರೂ ಫೋನ್ ಮಾಡಿ ಕೇಳಿ. ಎಲ್ಲ ವಿನ್ಯಾಸದ ಕೀಗಳ ಪೆಟ್ಟಿಗೆ ಕೆಲವು ಸರ್ವಿಸ್ ಸೆಂಟರ್‌ಗಳಲ್ಲಿರುತ್ತದೆ. ಅದೂ ಆಗದಿದ್ದರೆ, ಒಳಗೆ ತಿರುಚಿದ ಹಲ್ಲುಗಳಿರುವ ವಿಶೇಷ ಸಾಕೆಟ್ ಬಳಸಿ ತೆಗೆಯಬಹುದು. ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ಅದರ ಹಲ್ಲುಗಳು ನಟ್ಟನ್ನು ಗಟ್ಟಿಯಾಗಿ ಕಚ್ಚುತ್ತವೆ. ಆ ನಟ್ ಹಾಳಾಗುತ್ತದೆ, ಚಕ್ರ ಉಳಿಯುತ್ತದೆ.

ತೆಗೆದ ಮೇಲೆ ಸಿಕ್ಕಿದ ನಟ್ ಹಾಕಬೇಡಿ

ಹೊಸ ನಟ್ಟಿನ ಥ್ರೆಡ್ ಜೊತೆಗೆ ಅದು ಚಕ್ರಕ್ಕೆ ಕೂರುವ ಭಾಗದ ಆಕಾರವೂ ಹೊಂದಬೇಕು. ಕೆಲವು ಶಂಕುವಿನಂತೆ, ಕೆಲವು ಗೋಲದಂತೆ ಇರುತ್ತವೆ. ಹೊಂದದ ನಟ್ ಬಿಗಿಯಾದಂತೆ ಕಂಡರೂ ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ.

ಬಿಗಿಯುವುದಕ್ಕೂ ಲೆಕ್ಕವಿದೆ. ಅನೇಕ ಸಣ್ಣ ಕಾರುಗಳಿಗೆ ಇದು ಸುಮಾರು 100 ನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಸುಮಾರು 10 ಕೆ.ಜಿ. ತೂಗುಹಾಕಿದಷ್ಟು ಬಲ. ನಿಮ್ಮ ಕಾರಿನ ಸರಿಯಾದ ಅಂಕಿ ಕೈಪಿಡಿಯಲ್ಲಿರುತ್ತದೆ. ಪಾನಾ ಮೇಲೆ ಹತ್ತಿ ಕುಣಿಯುವುದು ಬೇಡ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ನೋಡಿಸಿ. ಲಾಕ್ ನಟ್ಟಿಗೆ ಗಾಳಿ ಗನ್ ಬಳಸಲು ಬಿಡಬೇಡಿ, ಅದರ ಹೊಡೆತಕ್ಕೆ ಕೀ ಒಡೆಯಬಹುದು. ಕೈಯಿಂದಲೇ ತಿರುಗಿಸಲು ಹೇಳಿ.

ಇವತ್ತೇ ಮಾಡಬಹುದಾದ ಕೆಲಸ

ಈಗಲೇ ಹೋಗಿ ನಿಮ್ಮ ಕಾರಿನ ಚಕ್ರ ನೋಡಿ. ಒಂದು ನಟ್ ಬೇರೆ ಥರ ಕಂಡರೆ ಡಿಕ್ಕಿ ತೆರೆದು ಕೀ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದರ ಕೋಡ್‌ನ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಟೈರ್ ಅಂಗಡಿಯಿಂದ ಹೊರಡುವ ಮುನ್ನ ಕೀ ಕೇಳಿ ಪಡೆಯಿರಿ. ಕೀ ಸಿಗದಿದ್ದರೆ, ಪಂಕ್ಚರ್ ಆಗುವ ತನಕ ಕಾಯದೆ ನಾಲ್ಕೂ ಲಾಕ್ ನಟ್ ತೆಗೆಸಿ ಸರಿಯಾದ ಸಾಮಾನ್ಯ ನಟ್ ಹಾಕಿಸಿ.

ಬೆಂಕಿ, ಸುತ್ತಿಗೆಯ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ‘ನಿಮ್ಮ ಕೀ ಎಲ್ಲಿದೆ, ಒಮ್ಮೆ ನೋಡಿ’ ಎಂದು ಬರೆದು ಕಳಿಸಿ. ಯಾರಾದರೂ ಒಬ್ಬರು ಡಿಕ್ಕಿ ತೆರೆದು ನೋಡಿದರೂ ಅದು ಸಾರ್ಥಕ.