ಹೊಸ ಗಂಟಲು, ಹಳೆ ಹಾಡು

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ಮೊದಲ ಸಲ ಭಾರತದ ವೇದಿಕೆ ಹತ್ತಿತು. ಅಂದು ಅಲ್ಲಿ ಸೇರಿದ್ದ ಸಾವಿರಾರು ಜನರ ಪಾಲಿಗೆ ಬ್ರೂಸ್ ಡಿಕಿನ್ಸನ್ನನೇ ಐರನ್ ಮೇಡನ್ನಿನ ದನಿ. ಆ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ನೋಡುವುದೂ ಅವರಿಗೆ ಕಷ್ಟವಾಗುತ್ತಿತ್ತು. ಆದರೆ ಡಿಕಿನ್ಸನ್ ಆ ತಂಡದ ಮೊದಲ ಗಾಯಕನಲ್ಲ, ಎರಡನೆಯವನೂ ಅಲ್ಲ. 1975ರ ಕೊನೆಯಲ್ಲಿ ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಲಂಡನ್ನಿನಲ್ಲಿ ಕಟ್ಟಿದ ಈ ತಂಡದ ಮೊದಲೆರಡು ಆಲ್ಬಮ್‌ಗಳಲ್ಲಿ ಹಾಡಿದವನು ಪಾಲ್ ಡಿಯಾನೊ. ತಂಡದ ಹೆಸರನ್ನೇ ಹೊತ್ತ, ಹೆಚ್ಚುಕಡಿಮೆ ಪ್ರತಿ ಶೋನಲ್ಲೂ ಬರುವ ಹಾಡು ಆಲ್ಬಮ್ಮಿಗೆ ಬಂದದ್ದು ಡಿಯಾನೊನ ಗಂಟಲಲ್ಲಿ. 1981ರ ಅಕ್ಟೋಬರಿನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಡಿಕಿನ್ಸನ್ ಮೊದಲ ಸಲ ಮೈಕ್ ಹಿಡಿದಾಗ ಅವನೇ ಬದಲಿ ಆಳು.

ರಾಕ್ ತಂಡವೊಂದು ಗಾಯಕನನ್ನು ಬದಲಿಸಿಕೊಂಡು ಅದೇ ಹೆಸರಿನಲ್ಲಿ ಮುಂದುವರಿಯುವ ಪದ್ಧತಿಗೆ ಈಗ ಅರ್ಧ ಶತಮಾನ ಮೀರಿದ ಚರಿತ್ರೆಯಿದೆ. ಹೊಸಬನ ಮೊದಲ ಶೋ ಮುಗಿಸಿ ಹೊರಬರುವ ಅಭಿಮಾನಿಗಳು ಅಷ್ಟೂ ಕಾಲ ಕೇಳುತ್ತ ಬಂದ ಪ್ರಶ್ನೆ ಒಂದೇ: ಇವನು ಅವನ ಹಾಗೆ ಹಾಡಿದನೇ? ಉತ್ತರ ಹೌದಾದರೆ ಗೆದ್ದ, ಇಲ್ಲವಾದರೆ ಸೋತ. ಈ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಪ್ರಶ್ನೆಯೇ ತಪ್ಪು ವಿಳಾಸಕ್ಕೆ ಹೋಗಿದೆ ಅನ್ನಿಸುತ್ತದೆ. ಆ ರಾತ್ರಿ ಯಾವ ಹಾಡು ಹಾಡಬೇಕು, ಯಾವ ಶ್ರುತಿಯಲ್ಲಿ ಹಾಡಬೇಕು, ಹೊಸಬನಿಗಾಗಿಯೇ ಕಟ್ಟಿದ ಹಾಡು ಎಷ್ಟಿರಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ತಂಡ. ಜನ ತೂಗುವುದು ಮಾತ್ರ ಗಾಯಕನನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಗೆದ್ದವರಿಂದಲೇ ಶುರು ಮಾಡೋಣ. ಬ್ಲ್ಯಾಕ್ ಸಬಾತ್ 1979ರಲ್ಲಿ ಆಜಿ ಆಸ್‌ಬರ್ನ್‌ನನ್ನು ಹೊರಗೆ ಕಳಿಸಿ ರಾನಿ ಜೇಮ್ಸ್ ಡಿಯೋನನ್ನು ಕರೆತಂದಿತು. ಆಜಿ ಹಾಡುತ್ತಿದ್ದ ರೀತಿ ಬೇರೆ: 'ಐರನ್ ಮ್ಯಾನ್' ಕೇಳಿದರೆ ಗಿಟಾರು ಹೋದ ದಾರಿಯಲ್ಲೇ ಅವನ ದನಿಯೂ ಹೋಗುತ್ತದೆ, ಎರಡೂ ಒಂದೇ ರಾಗದ ಜಾಡು. ಡಿಯೋನ ಗಂಟಲಿಗೆ ಆ ಜಾಡು ಸಾಲದು. ಹಾಗಾಗಿ 1980ರ 'ಹೆವನ್ ಅಂಡ್ ಹೆಲ್' ಆಲ್ಬಮ್ಮಿನಲ್ಲಿ ತಂಡ ತನ್ನ ಕಟ್ಟಡವನ್ನೇ ಬದಲಿಸಿತು. ಅದೇ ಹೆಸರಿನ ಹಾಡಿನಲ್ಲಿ ಡಿಯೋ ಬಾಯಿ ತೆರೆದ ಕೂಡಲೇ ಗಿಟಾರು ಹಿಂದೆ ಸರಿಯುತ್ತದೆ, ಬೇಸ್ ಮಾತ್ರ ಕೆಳಗೆ ಒಂದೇ ಸಮನೆ ನಡೆಯುತ್ತಿರುತ್ತದೆ, ಮೇಲೆ ದನಿಗೆ ಇಡೀ ಬಯಲು. ಹಳೆಯ ಹಾಡುಗಳನ್ನು ಡಿಯೋ ಹಾಡಿದಾಗ ಆಜಿಯ ಅಭಿಮಾನಿಗಳು ಮುಖ ಸಿಂಡರಿಸಿದ್ದುಂಟು, ಇವತ್ತಿಗೂ ಸಿಂಡರಿಸುವವರಿದ್ದಾರೆ. ಆದರೆ ಅವನಿಗೆ ನಿಲ್ಲಲು ಸ್ವಂತ ನೆಲವಿತ್ತು.

ಜೆನಿಸಿಸ್ ತಂಡದ ದಾರಿ ಇನ್ನೂ ಉಪಾಯದ್ದು. 1975ರಲ್ಲಿ ಪೀಟರ್ ಗೇಬ್ರಿಯಲ್ ಹೊರಟುಹೋದಾಗ, ಮುಖವಾಡ ತೊಟ್ಟು ವೇಷ ಕಟ್ಟಿ ಹಾಡುತ್ತಿದ್ದ ಅವನಿಲ್ಲದೆ ಈ ತಂಡಕ್ಕೆ ಉಳಿಗಾಲವಿಲ್ಲ ಅಂದವರೇ ಹೆಚ್ಚು. ಆ ಜಾಗಕ್ಕೆ ಬಂದವನು ಅವರದೇ ಡ್ರಮ್ಮರ್ ಫಿಲ್ ಕಾಲಿನ್ಸ್. ಮೊದಲಿನಿಂದಲೂ ಗೇಬ್ರಿಯಲ್‌ನ ಹಿಂದೆ ಅವನ ದನಿ ಇದ್ದೇ ಇತ್ತು. 1973ರ ಆಲ್ಬಮ್ಮಿನಲ್ಲಿ ಒಂದು ಇಡೀ ಹಾಡನ್ನೂ ಅವನು ಹಾಡಿದ್ದ. ಅಭಿಮಾನಿಗಳು ಅರಿವಿಲ್ಲದೆಯೇ ಅವನಿಗೆ ಕಿವಿ ಕೊಟ್ಟು ಆಗಿತ್ತು. 1976ರ ಪ್ರವಾಸಕ್ಕೆ ತಂಡ ಬಿಲ್ ಬ್ರೂಫರ್ಡ್‌ನನ್ನು ಡ್ರಮ್ಸ್‌ಗೆ ಕೂರಿಸಿ ಕಾಲಿನ್ಸ್‌ನನ್ನು ಮುಂದೆ ತಂದಿತು. ವೇಷ ಬಿಟ್ಟಿತು. ಹೊಸ ಆಲ್ಬಮ್ ಅದಾಗಲೇ ಅಂಗಡಿಗೆ ಬಂದಿತ್ತು.

ಎಸಿ/ಡಿಸಿಯದು ಸಾವಿನ ಕತೆ. 1980ರ ಫೆಬ್ರವರಿ 19ರಂದು ಗಾಯಕ ಬಾನ್ ಸ್ಕಾಟ್ ಲಂಡನ್ನಿನಲ್ಲಿ ತೀರಿಕೊಂಡ. ಜುಲೈ ಕೊನೆಗೆ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು: ಸೂತಕದ ಕಪ್ಪು ಹೊದಿಕೆ, ಮೊದಲ ಹಾಡಿನ ಮುನ್ನ ದೊಡ್ಡ ಗಂಟೆಯ ಸದ್ದು, ಆಮೇಲೆ ನ್ಯೂಕ್ಯಾಸಲ್ ಕಡೆಯ ಬ್ರಯಾನ್ ಜಾನ್ಸನ್‌ನ ಕರ್ಕಶ ತಾರಸ್ಥಾಯಿ. ಅದು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳ ಸಾಲಿಗೆ ಸೇರಿತು. ಬಾನ್‌ನ ದನಿಯಲ್ಲಿದ್ದ ಪೋಲಿ ನಗೆ ಜಾನ್ಸನ್‌ನಲ್ಲಿಲ್ಲ ಎಂಬ ದೂರು ಇಂದಿಗೂ ಕೇಳಿಬರುತ್ತದೆ, ದೂರು ನ್ಯಾಯವಾದದ್ದೇ. ಅವನಿಂದ ಆ ನಗೆಯನ್ನು ತಂಡ ಕೇಳಲಿಲ್ಲ ಎಂಬುದು ಮುಖ್ಯ. ಹೊಸ ಹಾಡುಗಳು ಅವನ ಎತ್ತರಕ್ಕೆ ಕಟ್ಟಿದವು.

ಹಾಗಾದರೆ ಹೊಸ ಹಾಡು ಕೊಟ್ಟರೆ ಸಾಕೇ? ಸಾಲದು ಎಂಬುದಕ್ಕೆ ಮತ್ತೆ ಐರನ್ ಮೇಡನ್ನಿಗೇ ಬರಬೇಕು. ಡಿಕಿನ್ಸನ್ 1993ರಲ್ಲಿ ತಂಡ ಬಿಟ್ಟ. ಮರುವರ್ಷ ವುಲ್ಫ್ಸ್‌ಬೇನ್ ತಂಡದ ಬ್ಲೇಜ್ ಬೇಲಿ ಆಯ್ಕೆಯಾದ. ಇವನದು ದಪ್ಪನೆಯ ದನಿ, ಮಧ್ಯಸ್ಥಾಯಿಯಲ್ಲಿ ತೂಕದಿಂದ ನಿಲ್ಲುವಂಥದ್ದು, ಮಂದ್ರಕ್ಕೆ ಹತ್ತಿರ. ಡಿಕಿನ್ಸನ್‌ನದು ಮೇಲಿನ ಷಡ್ಜ ದಾಟಿಯೂ ದಣಿಯದ ಗಂಟಲು. ಹನ್ನೆರಡು ವರ್ಷ ಆ ಗಂಟಲಿನ ಅಳತೆಗೇ ಬರೆದಿದ್ದ ಹಾಡುಗಳನ್ನು ತಂಡ ಶ್ರುತಿ ಇಳಿಸದೆ ಬೇಲಿಯ ಮುಂದಿಟ್ಟಿತು. ಹಾಡುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಡಿಮೆ ಶ್ರುತಿಯವನನ್ನು ಹೆಚ್ಚು ಶ್ರುತಿಗೆ ಕೂರಿಸಿದರೆ ಪಲ್ಲವಿಯನ್ನು ಹೇಗೋ ದಾಟಿಸಬಹುದು, ಮೇಲಕ್ಕೆ ಏರುವ ಭಾಗದಲ್ಲಿ ಗಂಟಲು ಕಟ್ಟುತ್ತದೆ. ಅದೂ ಒಂದು ರಾತ್ರಿಯಲ್ಲ, ತಿಂಗಳುಗಟ್ಟಲೆ, ಊರಿಂದ ಊರಿಗೆ. ಬೇಲಿಯ ಗಂಟಲು ಕೈಕೊಟ್ಟು ಶೋಗಳು ರದ್ದಾದವು. ಅಭಿಮಾನಿಗಳಿಗೆ ಉಳಿದದ್ದು 'ದ ಟ್ರೂಪರ್' ಹಾಡಿನಲ್ಲಿ ಅವನು ಎಡವಿದ ನೆನಪು. 1995ರ 'ದ ಎಕ್ಸ್ ಫ್ಯಾಕ್ಟರ್' ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ, 1998ರ 'ವರ್ಚುವಲ್ ಇಲೆವೆನ್' ಹದಿನಾರಕ್ಕೆ ಬಂದು ನಿಂತವು. ಡಿಕಿನ್ಸನ್ ಸೇರಿದ ಹೊಸದರಲ್ಲಿ, 1982ರಲ್ಲಿ, ಇದೇ ತಂಡ ಅಲ್ಲಿ ಮೊದಲ ಸ್ಥಾನದಲ್ಲಿತ್ತು. 1999ರಲ್ಲಿ ಬೇಲಿ ಹೊರಗೆ, ಡಿಕಿನ್ಸನ್ ಒಳಗೆ.

ಇಲ್ಲಿ ಆಕ್ಷೇಪ ಏಳುವುದು ಸಹಜ. ಬೇಲಿ ಚಿಕ್ಕ ಗಾಯಕ, ಡಿಕಿನ್ಸನ್ ದೊಡ್ಡವನು. ಅಷ್ಟು ಸರಳ ಸಂಗತಿಗೆ ತಂಡದ ಮೇಲೇಕೆ ಗೂಬೆ ಕೂರಿಸಬೇಕು? ದೊಡ್ಡವನು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ 1981ರಲ್ಲಿ ಡಿಕಿನ್ಸನ್‌ಗೆ ಎದುರಾದ ಪರೀಕ್ಷೆ ಬೇರೆ ಥರದ್ದು. ಡಿಯಾನೊನ ಹಾಡುಗಳು ತಗ್ಗಿನವು, ಒರಟು ದನಿಗೆ ಹೊಂದುವಂಥವು. ಎತ್ತರದ ಗಂಟಲಿನವನು ಅವುಗಳ ತಲೆ ಮೇಲಿಂದ ಹಾರಿಹೋಗಬಹುದಿತ್ತು, ಹಾರಿದ. ಬೇಲಿ ಕೆಳಗಿನಿಂದ ಮೇಲಕ್ಕೆ ಹತ್ತಬೇಕಿತ್ತು. ಅವನ ಕಾಲದ 'ಸೈನ್ ಆಫ್ ದ ಕ್ರಾಸ್' ನೋಡಿ: ಹನ್ನೊಂದು ನಿಮಿಷದ ಹಾಡು, ಚರ್ಚಿನ ಪ್ರಾರ್ಥನೆಯಂಥ ಗುಂಪುದನಿಯಿಂದ ಶುರುವಾಗಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ, ಬೇಲಿಯ ಕಪ್ಪು ದನಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಅವನಿಗೆ ಹೊಂದುವ ಸಂಗೀತ ಯಾವುದೆಂದು ತಂಡಕ್ಕೆ ಗೊತ್ತಿತ್ತು ಎಂಬುದಕ್ಕೆ ಈ ಹಾಡೇ ಸಾಕ್ಷಿ. ಹಾಗೆ ಗೊತ್ತಿದ್ದೂ ಪ್ರತಿ ರಾತ್ರಿ ಅವನನ್ನು ಹೊಂದದ ಹಾಡುಗಳಿಗೆ ನೂಕಿತು. ನನ್ನ ದೂರು ಇಷ್ಟೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕ್ವೀನ್ ತಂಡದ್ದು. ಅಲ್ಲಿ ಹೊಸ ಹಾಡಿನ ಬಲವಿಲ್ಲದೆಯೇ ಹೊಸಬ ಗೆದ್ದಿದ್ದಾನೆ. ಜಾಂಜಿಬಾರಿನಲ್ಲಿ ಹುಟ್ಟಿ, ಪಂಚಗಣಿಯ ಶಾಲೆಯಲ್ಲಿ ಓದಿ, ಲಂಡನ್ನಿನಲ್ಲಿ ಹೆಸರು ಮಾಡಿದ ಅದರ ಗಾಯಕ ಫ್ರೆಡಿ ಮರ್ಕ್ಯುರಿ 1991ರ ನವೆಂಬರ್ 24ರಂದು ತೀರಿಕೊಂಡ. ಉಳಿದವರಲ್ಲಿ ಬ್ರಯಾನ್ ಮೇ ಮತ್ತು ರಾಜರ್ ಟೇಲರ್ 2005ರಲ್ಲಿ ಪಾಲ್ ರಾಜರ್ಸ್ ಜೊತೆ ಪ್ರವಾಸ ಹೊರಟರು. ರಾಜರ್ಸ್ ಕಡಿಮೆ ಆಸಾಮಿಯಲ್ಲ. ಫ್ರೀ, ಬ್ಯಾಡ್ ಕಂಪನಿ ತಂಡಗಳಲ್ಲಿ ಹಾಡಿ ಹೆಸರಾದವನು, ದನಿ ಬ್ಲೂಸ್ ನೆಲದ್ದು. ಅವರ ಶೋ ಹಂಚಿಕೆಯ ಲೆಕ್ಕದಲ್ಲಿ ನಡೆಯಿತು. ರಾಜರ್ಸ್ ತನ್ನ ಹಳೆಯ 'ಆಲ್ ರೈಟ್ ನೌ' ಹಾಡಿದ. 'ಲವ್ ಆಫ್ ಮೈ ಲೈಫ್' ಹಾಡನ್ನು ಮೇ ಒಬ್ಬನೇ ಗಿಟಾರ್ ಹಿಡಿದು ಕೂತು ಎತ್ತಿಕೊಟ್ಟ, ಸಭೆ ಹಾಡಿತು. 'ಬೊಹೀಮಿಯನ್ ರಾಪ್ಸೊಡಿ' ಬಂದಾಗ ಪರದೆಯ ಮೇಲೆ ಫ್ರೆಡಿಯೇ ಬಂದ, 1986ರ ವೆಂಬ್ಲಿ ಶೋನ ಚಿತ್ರ, ಅದರದೇ ದನಿ. ಕೊನೆಯ ಅಬ್ಬರದ ಭಾಗಕ್ಕೆ ಮಾತ್ರ ರಾಜರ್ಸ್ ಸೇರಿಕೊಂಡ. 2008ರಲ್ಲಿ ಹೊಸ ಆಲ್ಬಮ್ಮೂ ಬಂತು, ಜನ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಮರುವರ್ಷ ಜೋಡಿ ಬೇರೆಯಾಯಿತು. ಆಮೇಲೆ ಬಂದ ಆಡಂ ಲ್ಯಾಂಬರ್ಟ್ ಟಿವಿಯ ಹಾಡಿನ ಸ್ಪರ್ಧೆಯಿಂದ ಮೇಲೆ ಬಂದವನು. ಕ್ವೀನ್ ಜೊತೆ ಅವನು ಹೊಸ ಹಾಡುಗಳ ಆಲ್ಬಮ್ ಮಾಡಲಿಲ್ಲ. 2012ರಲ್ಲಿ ಕೀವ್‌ನಲ್ಲಿ ಶುರುವಾದ ಅವನ ಪಯಣ ಮಾತ್ರ ವರ್ಷಗಟ್ಟಲೆ ತುಂಬಿದ ಸ್ಟೇಡಿಯಂಗಳಲ್ಲಿ ನಡೆಯಿತು. ಅಲ್ಲಿಗೆ ನನ್ನ ವಾದ ಬಿತ್ತೇ?

ಬೀಳಲಿಲ್ಲ. ಹೊಸ ಹಾಡು ಕಟ್ಟುವುದು ಒಂದು ದಾರಿ, ಯಾವ ಹಾಡು ಯಾರದೆಂದು ಸಭೆಗೆ ಮೊದಲೇ ತಿಳಿಸುವುದು ಇನ್ನೊಂದು. ಎರಡೂ ತಂಡದ ಕೈಯಲ್ಲೇ ಇರುವುದು. ಕ್ವೀನ್ ಪೋಸ್ಟರಿನಲ್ಲೇ ಕೂಡುವ ಚಿಹ್ನೆ ಹಾಕಿತು: ಕ್ವೀನ್ ಕೂಡಿಸು ಆಡಂ ಲ್ಯಾಂಬರ್ಟ್. ಟಿಕೆಟ್ ಕೊಳ್ಳುವಾಗಲೇ ಅವನು ಅತಿಥಿ ಎಂದು ಗೊತ್ತು. ಫ್ರೆಡಿಗೆ ಸಾಟಿ ಯಾರೂ ಇಲ್ಲವೆಂದು ಲ್ಯಾಂಬರ್ಟ್ ತಾನೇ ವೇದಿಕೆಯಿಂದ ಹೇಳುತ್ತಾನೆ, ಫ್ರೆಡಿ ಪರದೆಯ ಮೇಲೆ ಬಂದು ಹೋಗುತ್ತಾನೆ. ಎತ್ತರದ ಹಾಡುಗಳನ್ನು ನಿಭಾಯಿಸುವ ಗಂಟಲೂ ಅವನಿಗಿದೆ. ರಾಜರ್ಸ್ ಪ್ರವಾಸದಲ್ಲೂ ಇದೇ ಚಿಹ್ನೆಯಿತ್ತಲ್ಲ ಎನ್ನಬಹುದು. ಇತ್ತು, ಆ ಶೋಗಳನ್ನು ಜನ ನೆರೆದು ಕೇಳಿದರು ಕೂಡ. ತೊಡಕು ಬಂದದ್ದು ಅತಿಥಿಯನ್ನು ಸ್ಟುಡಿಯೋಗೆ ಕರೆದು ಅದೇ ಹೆಸರಿನಡಿ ಮನೆಯವನನ್ನಾಗಿ ಮಾಡಹೊರಟಾಗ.

ಶೋಗೆ ಆಯ್ದ ಹಾಡುಗಳ ಪಟ್ಟಿಯ ಮಹಿಮೆ 2016ರಲ್ಲೂ ಕಂಡಿತು. ಜಾನ್ಸನ್‌ನ ಕಿವಿಗೆ ಅಪಾಯವೆಂದು ವೈದ್ಯರು ತಡೆದಾಗ ಎಸಿ/ಡಿಸಿ ಗನ್ಸ್ ಎನ್ ರೋಸಸ್‌ನ ಆಕ್ಸಲ್ ರೋಸ್‌ನನ್ನು ಕರೆಯಿತು. ಬೆಲ್ಜಿಯಂನಲ್ಲಿ ಸಾವಿರಾರು ಜನ ಟಿಕೆಟ್ ಹಣ ವಾಪಸ್ ಪಡೆದರು. ಮೇ 7ರಂದು ಲಿಸ್ಬನ್‌ನಲ್ಲಿ ಪೆಟ್ಟಾದ ಕಾಲು ಚಾಚಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಅವನು ಹಾಡಿದ. ಆ ಪ್ರವಾಸದಲ್ಲಿ ಬಹುಕಾಲದಿಂದ ವೇದಿಕೆಗೆ ಬಾರದಿದ್ದ ಬಾನ್ ಕಾಲದ ಹಾಡುಗಳನ್ನು ತಂಡ ಹೊರತೆಗೆಯಿತು. ಬೈದವರಲ್ಲಿ ಅನೇಕರು ಮೆಚ್ಚಿ ಮಾತಾಡಿದರು. ಆಕ್ಸಲ್‌ನ ಗಂಟಲು ಮೊದಲಿನದೇ. ತಂಡ ಅದಕ್ಕೆ ಸರಿಯಾದ ಕೆಲಸ ಕೊಟ್ಟಿತ್ತು.

ಇನ್ನು ಥೇಟ್ ಹಳಬನಂತೆಯೇ ಹಾಡುವವನನ್ನು ಹುಡುಕಿ ತಂದರೆ? ಇದು ಅಭಿಮಾನಿಗಳ ಬಹುಕಾಲದ ಬಯಕೆ, ಎರಡು ತಂಡಗಳು ಅದನ್ನು ಈಡೇರಿಸಿವೆ. ಜರ್ನಿ ತಂಡದ ನೀಲ್ ಶಾನ್ 2007ರಲ್ಲಿ ಯೂಟ್ಯೂಬ್‌ನಲ್ಲಿ ಮನಿಲಾದ ಆರ್ನೆಲ್ ಪಿನೆಡಾನನ್ನು ಕಂಡ. ಕಣ್ಣು ಮುಚ್ಚಿ ಕೇಳಿದರೆ ತಂಡದ ಹಳೆಯ ಗಾಯಕ ಸ್ಟೀವ್ ಪೆರಿಯೇ ಹಾಡಿದಂತಿತ್ತು. ಜೂಡಾಸ್ ಪ್ರೀಸ್ಟ್ 1996ರಲ್ಲಿ, ತನ್ನದೇ ಹಾಡುಗಳನ್ನು ಹಾಡುತ್ತಿದ್ದ ಅಮೆರಿಕದ ಒಂದು ಅಭಿಮಾನಿ ತಂಡದಿಂದ ಟಿಮ್ ಓವೆನ್ಸ್‌ನನ್ನು ಎತ್ತಿ ತಂದಿತು. ಇಬ್ಬರೂ ಮೊದಲ ಪರೀಕ್ಷೆಯಲ್ಲಿ ಪಾಸು. ಪಿನೆಡಾನ ದೆಸೆಯಿಂದ ಜರ್ನಿ ಮತ್ತೆ ದೊಡ್ಡ ಮೈದಾನಗಳಿಗೆ ಬಂತು, ಅದು ಸಣ್ಣ ಸಂಗತಿಯಲ್ಲ. ಆದರೆ ಜನ ಈಗಲೂ ಅಲ್ಲಿಗೆ ಹೋಗುವುದು ಪೆರಿ ಕಾಲದ ಹಾಡು ಕೇಳಲು. ಓವೆನ್ಸ್ ಪ್ರೀಸ್ಟ್ ಜೊತೆ ಎರಡು ಸ್ಟುಡಿಯೋ ಆಲ್ಬಮ್ ಮಾಡಿದ. 2003ರಲ್ಲಿ ಹಳೆಯ ಗಾಯಕ ರಾಬ್ ಹ್ಯಾಲ್ಫರ್ಡ್ ಮರಳಿದ ಮೇಲೆ ಓವೆನ್ಸ್ ಕಾಲದ ಹಾಡುಗಳು ವೇದಿಕೆಯಿಂದ ಮಾಯವಾದವು. ಅನುಕರಣೆಗೆ ಸಿಗುವ ಸಂಬಳ ಅದೇ ರಾತ್ರಿಯ ಚಪ್ಪಾಳೆ, ಬಾಕಿ ಏನೂ ಉಳಿಯುವುದಿಲ್ಲ.

ಹಾಗಾಗಿ ಹೊಸ ಗಾಯಕನನ್ನು ಅಳೆಯಲು ಅವನ ಮೊದಲ ಶೋಗಿಂತ ಒಳ್ಳೆಯ ಅಳತೆಗೋಲು ಇನ್ನೊಂದಿದೆ: ಹಳಬ ಮರಳಿ ಬಂದ ಮೇಲೆ ಹೊಸಬನ ಹಾಡು ಉಳಿಯಿತೇ? ಈ ಅಳತೆಯೂ ಕುಂದಿಲ್ಲದ್ದಲ್ಲ, ಒಪ್ಪಿಕೊಳ್ಳಬೇಕು. ಡೀಪ್ ಪರ್ಪಲ್ ತಂಡಕ್ಕೆ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಬಂದ ಡೇವಿಡ್ ಕವರ್‌ಡೇಲ್ 1974ರ 'ಬರ್ನ್' ಹಾಡಿನಿಂದ ಜಯಿಸಿದ. ಹಳೆಯ ಗಾಯಕ ಇಯಾನ್ ಗಿಲನ್ ಮರಳಿದ ಮೇಲೆ ಅದನ್ನು ಬಾಯಿಗೆ ತಂದುಕೊಳ್ಳಲಿಲ್ಲ. ಹಳಬನ ಹಮ್ಮು ಲೆಕ್ಕವನ್ನು ಕೆಡಿಸಬಹುದು. ಆಜಿಯೂ ಡಿಯೋನ ಹಾಡು ಹಾಡಿದವನಲ್ಲ. ಡಿಯೋ ಜೊತೆಗಿನ ಸಬಾತ್ ಸದಸ್ಯರು 2006ರ ಹೊತ್ತಿಗೆ ಮತ್ತೆ ಒಂದಾದಾಗ 'ಹೆವನ್ ಅಂಡ್ ಹೆಲ್' ಎಂಬ ಬೇರೆ ಹೆಸರನ್ನೇ ಇಟ್ಟುಕೊಳ್ಳಬೇಕಾಯಿತು.

ಸೋತವನೆಂದು ಎಲ್ಲರೂ ಬರೆದುಹಾಕಿದ್ದ ಬ್ಲೇಜ್ ಬೇಲಿಯ ಕತೆ ಹೀಗಾಗಲಿಲ್ಲ. 2001ರ ಜನವರಿಯಲ್ಲಿ ರಾಕ್ ಇನ್ ರಿಯೋ ಉತ್ಸವದ ಭಾರೀ ಜನಸ್ತೋಮದ ಮುಂದೆ ಡಿಕಿನ್ಸನ್ ಬೇಲಿ ಕಾಲದ 'ಸೈನ್ ಆಫ್ ದ ಕ್ರಾಸ್', 'ದ ಕ್ಲಾನ್ಸ್‌ಮನ್' ಎರಡನ್ನೂ ಹಾಡಿದ. 2018ರ ಮೇ 26ರಂದು ಎಸ್ಟೋನಿಯಾದ ತಾಲಿನ್‌ನಲ್ಲಿ ಐರನ್ ಮೇಡನ್ ತನ್ನ ಪರಂಪರೆಯನ್ನೇ ಮೆರೆಸುವ ಪ್ರವಾಸ ಶುರು ಮಾಡಿದಾಗ, ಸುಮಾರು ನಲವತ್ತು ವರ್ಷದ ಸಂಗ್ರಹದಿಂದ ಆಯ್ದ ಕೆಲವೇ ಹಾಡುಗಳಲ್ಲಿ ಬೇಲಿಯ ಆ ಎರಡೂ ಇದ್ದವು.